ಮಂಡಿ ನೋವಿಗೆ ತೊಡೆಯಲ್ಲಿದ್ದ ಮದ್ದು

ಮಂಡಿ ನೋವು ಶುರುವಾದವರಿಗೆ ನಮ್ಮ ಕಡೆ ಎಲ್ಲರೂ ಮೊದಲು ಹೇಳುವ ಮಾತು ಒಂದೇ. "ಜಾಸ್ತಿ ಓಡಾಡಬೇಡ, ರೆಸ್ಟ್ ತಗೋ." ನನಗೂ ಹಾಗೇ ಹೇಳಿದರು. ಅಕ್ಕ ಹೇಳಿದಳು, ಶಾಲೆಯ ಟೀಚರುಗಳು ಹೇಳಿದರು, ಪಕ್ಕದ ಮನೆಯವರು ಹೇಳಿದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ನನ್ನ ಕಾಲು ಸುಧಾರಿಸಿದ್ದು ಅದಕ್ಕೆ ಪೂರ್ತಿ ಉಲ್ಟಾ ದಾರಿಯಲ್ಲಿ. ದಾವಣಗೆರೆಯಲ್ಲಿ ನನ್ನ ವಯಸ್ಸಿನ ಎಷ್ಟೋ ಹೆಂಗಸರು ಇದೇ ನೋವು ಇಟ್ಟುಕೊಂಡು ಗೋಡೆ ಹಿಡಿದು ನಡೆಯುವುದನ್ನು ನೋಡುತ್ತೇನೆ. ಅವರಿಗಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ವಯಸ್ಸು 56. ಮನೆ ವಿದ್ಯಾನಗರದಲ್ಲಿ, ಶಾಲೆ ಹರಿಹರದ ಕಡೆಯ ಒಂದು ಹಳ್ಳಿಯಲ್ಲಿ. ದಿನಾ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಇಲ್ಲ, ಅದು ಬಹಳ ಒಳ್ಳೆಯದಾಯಿತು. ಆದರೆ ಬೆಳಗಿನ ಹೊತ್ತು ಸೀಟು ಸಿಗುವುದಿಲ್ಲ. ನಿಂತು ಹೋಗುವುದನ್ನಾದರೂ ತಡೆದುಕೊಳ್ಳಬಹುದಿತ್ತು, ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದೇ ಆಗುತ್ತಿರಲಿಲ್ಲ. ಬಲಗಾಲು ಎತ್ತಿಟ್ಟು ಭಾರ ಹಾಕಿದರೆ ಮಂಡಿಯ ಒಳಬದಿಯಲ್ಲಿ ಚಳುಕು. ಇಳಿಯುವಾಗ ಇನ್ನೂ ಜಾಸ್ತಿ. ಬೆಳಗ್ಗೆ ಎದ್ದಾಗ ಕಾಲು ಬಿಗಿ ಹಿಡಿದಿರುತ್ತಿತ್ತು. ಹತ್ತು ಹದಿನೈದು ನಿಮಿಷ ಓಡಾಡಿದ ಮೇಲೆ ಸಡಿಲ ಆಗುತ್ತಿತ್ತು.

ಈ ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಮೂಳೆ ಡಾಕ್ಟರು ಎರಡೆರಡು ಸಲ ಕೇಳಿದರು. ಅರ್ಧ ಗಂಟೆಯೊಳಗೆ ಹೋದರೆ ಅದು ವಯಸ್ಸಿನ ಜೊತೆ ಬರುವ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆತ ಇರಬಹುದು. ಬಹಳ ಹೊತ್ತು ಉಳಿದು, ಕೈಬೆರಳುಗಳ ಕೀಲೂ ಊದಿಕೊಂಡರೆ ಬೇರೆ ಥರದ ವಾತ, ಅದಕ್ಕೆ ಬೇರೆ ಔಷಧಿ. ಆಮೇಲೆ ಎಕ್ಸ್‌ರೇ. ಅದನ್ನೂ ನಿಲ್ಲಿಸಿಯೇ ತೆಗೆಸಿದರು. ಮೈಭಾರ ಬಿದ್ದಾಗಲೇ ಮೂಳೆಗಳ ನಡುವಿನ ಸಂದು ನಿಜವಾಗಿ ಎಷ್ಟಿದೆ ಅಂತ ಗೊತ್ತಾಗುವುದಂತೆ. ನನ್ನ ಬಲ ಮಂಡಿಯ ಒಳಬದಿಯ ಸಂದು ಕಿರಿದಾಗಿತ್ತು. ಅಂಚಿನಲ್ಲಿ ಮೂಳೆ ಸ್ವಲ್ಪ ಬೆಳೆದು ಚೂಪಾಗಿತ್ತು. ಇದಕ್ಕೆ 0ಯಿಂದ 4ರವರೆಗೆ ಗ್ರೇಡ್ ಕೊಡುತ್ತಾರೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಮಾಡಿಕೊಟ್ಟ ಪದ್ಧತಿ ಅದು. ನನ್ನದು ಗ್ರೇಡ್ 3.

ಮೂರು ಅಂದ ಕೂಡಲೇ ನನ್ನ ಮುಖ ಇಳಿದಿದ್ದನ್ನು ಡಾಕ್ಟರು ನೋಡಿದರು. "ಗ್ರೇಡ್ ನೋಡಿ ಹೆದರಬೇಡಿ ಟೀಚರ್. ಗ್ರೇಡ್ 4 ಇದ್ದವರು ಆರಾಮಾಗಿ ಓಡಾಡ್ತಾರೆ, ಗ್ರೇಡ್ 2 ಇದ್ದವರು ಅಳ್ತಾ ಬರ್ತಾರೆ. ಫೋಟೋಕ್ಕೂ ನೋವಿಗೂ ಲೆಕ್ಕ ಸರಿಯಾಗಿ ಹೊಂದಲ್ಲ" ಅಂದರು. ಮಂಡಿ ಬದಲಾಯಿಸುವ ಆಪರೇಷನ್ ಮಾತು ಈಗ ಬೇಡ, ಮೊದಲು ಫಿಸಿಯೋಥೆರಪಿ ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು.

ಮೊದಲು ಹೋದ ಕಡೆ ನನಗೆ ಸಿಕ್ಕಿದ್ದು ಬರೀ ಕರೆಂಟು ಮತ್ತು ಶಾಖ. ಮಲಗಿಸಿ, ಮಂಡಿಯ ಸುತ್ತ ನಾಲ್ಕು ಪ್ಯಾಡ್ ಅಂಟಿಸಿ, ಜುಮುಜುಮು ಅನ್ನುವ ಹಾಗೆ ಕರೆಂಟು ಬಿಡುತ್ತಿದ್ದರು. ಅದಾದ ಮೇಲೆ ಬಿಸಿ ಪ್ಯಾಕ್. ಹಿತವಾಗಿರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಂಜೆ ಬಸ್ಸಿಳಿಯುವ ಹೊತ್ತಿಗೆ ನೋವು ಮತ್ತೆ ಬಂದಿರುತ್ತಿತ್ತು. ಅಷ್ಟು ಸಲ ಹೋದರೂ ಯಾರೂ ನನ್ನನ್ನು ನಡೆಸಿ ನೋಡಲಿಲ್ಲ, ಒಂದು ವ್ಯಾಯಾಮ ಹೇಳಿಕೊಡಲಿಲ್ಲ. ಇದು ನನಗೆ ಈಗಲೂ ಬೇಸರ ತರುತ್ತದೆ. ದುಡ್ಡು ಹೋಗಿದ್ದಕ್ಕಲ್ಲ, ಹೊತ್ತು ಹೋಗಿದ್ದಕ್ಕೆ. ಆ ತಿಂಗಳುಗಳಲ್ಲಿ ಕಾಲು ಇನ್ನಷ್ಟು ಸೊರಗಿತು.

ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದಿದವಳು. ಅವಳು ಬಂದಾಗ ಈ ವಿಷಯ ಹೇಳಿದೆ. ಇಂಗ್ಲೆಂಡಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ದಾರಿ ತೋರಿಸುವ ನೈಸ್ ಅನ್ನುವ ಸಂಸ್ಥೆ ಇದೆಯಂತೆ. 2022ರಲ್ಲಿ ಅದು ಹೊರಡಿಸಿದ ಸೂಚನೆಯನ್ನು ಅವಳು ತೆಗೆದು ಓದಿದಳು. ಆಸ್ಟಿಯೋಆರ್ಥ್ರೈಟಿಸ್ ಇರುವ ಎಲ್ಲರಿಗೂ ವ್ಯಾಯಾಮ ಕೊಡಬೇಕು, ತೂಕ ಜಾಸ್ತಿ ಇದ್ದರೆ ಇಳಿಸಲು ನೆರವಾಗಬೇಕು, ಕರೆಂಟಿನ ಚಿಕಿತ್ಸೆ ಕೊಡಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ನೆಂಟರೊಬ್ಬರು ತಂದುಕೊಟ್ಟಿದ್ದ ಗ್ಲುಕೋಸಮೈನ್ ಮಾತ್ರೆಯೂ ಬೇಡ ಅಂತಲೇ ಇದೆ. ಅಮೆರಿಕದ ಕೀಲುವಾತ ತಜ್ಞರ ಸಂಘದ 2019ರ ಸೂಚನೆಯೂ ವ್ಯಾಯಾಮವನ್ನೇ ಮುಂದಿಟ್ಟಿದೆ. "ಅಮ್ಮಾ, ನಿಂಗೆ ಊಟ ಬಡಿಸದೆ ಬರೀ ಉಪ್ಪಿನಕಾಯಿ ಬಡಿಸಿದ್ದಾರೆ" ಅಂದಳು ಮಗಳು.

ಅವಳೇ ವಿಚಾರಿಸಿ ಬೇರೆ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಮೂವತ್ತರ ಆಸುಪಾಸಿನ ಹುಡುಗಿ, ನಮ್ಮೂರಿನವಳೇ. ಮೊದಲ ದಿನ ಒಂದು ಮಿಷನ್ನೂ ಮುಟ್ಟಲಿಲ್ಲ. ನಡೆಸಿ ನೋಡಿದಳು, ಮುಂದಿನಿಂದ, ಹಿಂದಿನಿಂದ. ಕೈ ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರಲು ಹೇಳಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಅಂತ ಎಣಿಸಿದಳು. ಮಂಡಿ ಎಷ್ಟು ಮಡಚುತ್ತದೆ ಅಂತ ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದಳು. ಮಡಚುವುದಕ್ಕಿಂತ ನನ್ನ ಕಾಲು ಪೂರ್ತಿ ನೆಟ್ಟಗಾಗುತ್ತಿಲ್ಲ ಅನ್ನುವುದೇ ಅವಳಿಗೆ ಮುಖ್ಯವಾಗಿ ಕಂಡಿತು. ಸ್ವಲ್ಪವೇ ಮಡಚಿದ ಮಂಡಿಯಲ್ಲಿ ದಿನವಿಡೀ ನಿಂತರೆ ತೊಡೆಗೆ ಬಿಡುವೇ ಇರುವುದಿಲ್ಲ, ಬೇಗ ದಣಿಯುತ್ತದೆ ಅಂದಳು. ಕೊನೆಗೆ ಟೈಲರ್ ಟೇಪಿನಲ್ಲಿ ಎರಡೂ ತೊಡೆ ಅಳೆದಳು. ಬಲ ತೊಡೆ ಎಡಕ್ಕಿಂತ ಸಣ್ಣಗಿತ್ತು. ಕಣ್ಣಿಗೆ ಅದು ಕಂಡೇ ಇರಲಿಲ್ಲ.

"ನೋಡ್ರಿ ಅಮ್ಮಾ, ನಿಮ್ಮ ಮಂಡಿಗಿಂತ ಮೊದಲು ಈ ತೊಡೆ ಸರಿಯಾಗಬೇಕು" ಅಂದಳು. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಒಂದು ಗುಂಪಿದೆ, ಕ್ವಾಡ್ರಿಸೆಪ್ಸ್ ಅಂತ. ಮೆಟ್ಟಿಲು ಇಳಿಯುವಾಗ ಮೈಭಾರವನ್ನು ಹಿಡಿದು ನಿಧಾನಕ್ಕೆ ಕೆಳಗೆ ಬಿಡುವುದು ಅದೇ. ಅದು ಸೋತರೆ ಆ ಹೊಡೆತ ನೇರವಾಗಿ ಕೀಲಿಗೆ ಬೀಳುತ್ತದೆ. ಇನ್ನೊಂದು ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು. ಮಂಡಿಯಲ್ಲಿ ನೋವು, ಊತ ಇದ್ದರೆ ಆ ಸ್ನಾಯುವಿಗೆ ಕೆಲಸ ಮಾಡು ಅನ್ನುವ ಸೂಚನೆಯೇ ಸರಿಯಾಗಿ ಹೋಗುವುದಿಲ್ಲವಂತೆ. ನಾವು ಬೇಕು ಅಂದರೂ ಅದು ಪೂರ್ತಿ ಬಿಗಿಯುವುದಿಲ್ಲ. ನೋವು ಅಂತ ಸುಮ್ನೆ ಕೂತರೆ ಸ್ನಾಯು ಸೊರಗುತ್ತದೆ, ಸೊರಗಿದರೆ ನೋವು ಜಾಸ್ತಿ, ನೋವು ಜಾಸ್ತಿಯಾದರೆ ಇನ್ನೂ ಕೂರುತ್ತೇವೆ. ಕೀಲಿನ ಒಳಗಿನ ಕಾರ್ಟಿಲೇಜ್ ಎಂಬ ನುಣುಪು ಪದರಕ್ಕೆ ರಕ್ತನಾಳವೂ ಇಲ್ಲ. ಕೀಲಿನ ದ್ರವದಿಂದಲೇ ಅದಕ್ಕೆ ಆಹಾರ. ಭಾರ ಬಿದ್ದು ಬಿಟ್ಟು ಬಿದ್ದು ಬಿಟ್ಟು ಆದರೇ ಆ ದ್ರವ ಒಳಗೆ ಹೊರಗೆ ಆಡುವುದು. ಅಂದರೆ ನಡೆಯುವುದೇ ಅದರ ಊಟ.

"ಸವೆದಿರೋದನ್ನ ಇನ್ನೂ ಆಡಿಸಿದ್ರೆ ಇನ್ನೂ ಸವೆಯಲ್ವಾ?" ಅಂತ ಕೇಳಿದೆ. ಆ ಭಯ ಬಹಳ ದಿನದಿಂದ ಒಳಗೇ ಇತ್ತು. ಅವಳು ನಗಲಿಲ್ಲ, ಗಂಭೀರವಾಗಿಯೇ ಉತ್ತರ ಕೊಟ್ಟಳು. ಅಳತೆ ಇಟ್ಟುಕೊಂಡು ಮಾಡುವ ವ್ಯಾಯಾಮದಿಂದ ಸವೆತ ಜಾಸ್ತಿಯಾಗುವುದಿಲ್ಲ. ಹೋದ ಕಾರ್ಟಿಲೇಜ್ ವಾಪಸ್ ಬೆಳೆಯುತ್ತದೆ ಅಂತಲೂ ಅವಳು ಆಸೆ ಹುಟ್ಟಿಸಲಿಲ್ಲ. ಬೆಳೆಯುವುದಿಲ್ಲ. ಆದರೆ ನೋವು ಇಳಿಯುತ್ತದೆ, ಕೆಲಸ ಮಾಡುವ ಶಕ್ತಿ ಬರುತ್ತದೆ. ನನಗೆ ಬೇಕಾಗಿದ್ದೂ ಅಷ್ಟೇ.

ಮೊದಲ ವ್ಯಾಯಾಮ ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಬೇಕು. 5 ಸೆಕೆಂಡು ಹಿಡಿದು ಬಿಡಬೇಕು. ಹೀಗೆ 10 ಸಲ. ಎಡಗಾಲಿನಲ್ಲಿ ಒತ್ತಿದರೆ ತೊಡೆ ಕಲ್ಲಾಗುತ್ತಿತ್ತು. ಬಲಗಾಲಿನಲ್ಲಿ ಎಷ್ಟು ಒತ್ತಿದರೂ ಮೆತ್ತಗೇ ಇತ್ತು. ಅವಳು ನನ್ನ ಕೈಯನ್ನೇ ತೊಡೆಯ ಮೇಲಿಟ್ಟು, "ಇಲ್ಲಿ ಬಿಗಿ ಬರಬೇಕು, ಇಲ್ಲಿ ಗಮನ ಇಡ್ರಿ" ಅಂತ ಮತ್ತೆ ಮತ್ತೆ ಹೇಳಿದಳು. ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಆ ಬಿಗಿ ಕೈಗೆ ಸಿಕ್ಕಿತು. ಆ ದಿನದ ಖುಷಿಯನ್ನು ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಆಮೇಲೆ ಒಂದೊಂದೇ ಸೇರಿದವು. ಮಲಗಿಕೊಂಡು, ಒಂದು ಕಾಲು ಮಡಚಿಟ್ಟು, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು. ಇದು ಸೊಂಟದ ಪಕ್ಕದ ಸ್ನಾಯುವಿಗೆ. ಅದು ಸೋತಿದ್ದರಿಂದಲೇ ನಾನು ನಡೆಯುವಾಗ ಅತ್ತ ಇತ್ತ ವಾಲುತ್ತಿದ್ದೆನಂತೆ. ಕುರ್ಚಿಯಲ್ಲಿ ಕೂತು ಮಂಡಿ ನೆಟ್ಟಗೆ ಮಾಡುವ ವ್ಯಾಯಾಮಕ್ಕೆ ಕಣಕಾಲಿಗೆ ತೂಕ ಕಟ್ಟಬೇಕು. ಅಂಗಡಿಯಲ್ಲಿ ಅದಕ್ಕೇ ಅಂತ ಪಟ್ಟಿ ಸಿಗುತ್ತದೆ. ನಾನು ಹಳೇ ಬಟ್ಟೆಯಲ್ಲಿ ಉದ್ದನೆಯ ಚೀಲ ಹೊಲಿದು, ಅರ್ಧ ಕೆಜಿ ಜೋಳ ತುಂಬಿ ಕಟ್ಟಿಕೊಂಡೆ. ಮುಂದೆ ಒಂದು ಕೆಜಿ ಆಯಿತು. ಅವಳಿಗೆ ಈ ಜೋಳದ ಚೀಲ ಎಷ್ಟು ಇಷ್ಟವಾಯಿತೆಂದರೆ ಹಳ್ಳಿಯಿಂದ ಬರುವ ಬೇರೆಯವರಿಗೂ ಅದನ್ನೇ ಹೇಳುತ್ತಿದ್ದಾಳೆ. ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಎಳೆದು ಹಿಡಿಯುವುದೂ ದಿನಾ ಇತ್ತು. ಕಾಲು ನೆಟ್ಟಗಾಗದ ಹಾಗೆ ಎಳೆದು ಹಿಡಿದಿದ್ದವು ಅವೇ.

ಕ್ಲಿನಿಕ್ಕಿಗೆ ಹೋದಾಗ ಅವಳು ಕೈಯಿಂದಲೂ ಚಿಕಿತ್ಸೆ ಮಾಡುತ್ತಿದ್ದಳು. ಮಂಡಿಚಿಪ್ಪನ್ನು ಹಿಡಿದು ಮೇಲೆ ಕೆಳಗೆ, ಅಕ್ಕಪಕ್ಕ ಮೆಲ್ಲಗೆ ಸರಿಸುವುದು, ಕೆಳಗಿನ ಮೂಳೆಯನ್ನು ಹಿಂದೆ ಮುಂದೆ ಆಡಿಸುವುದು. ಅದಾದ ಮೇಲೆ ಬಿಗಿ ಸಡಿಲವಾಗಿ ವ್ಯಾಯಾಮ ಸಲೀಸಾಗುತ್ತಿತ್ತು. ಶಾಖವನ್ನೂ ಅವಳು ಬೇಡ ಅನ್ನಲಿಲ್ಲ. ಬೆಳಗ್ಗೆ ಬಿಗಿ ಇದ್ದರೆ ಬಿಸಿನೀರಿನ ಚೀಲ ಇಟ್ಟುಕೊಂಡು ಆಮೇಲೆ ವ್ಯಾಯಾಮ ಮಾಡಿ, ಊದಿಕೊಂಡು ಬೆಚ್ಚಗಿದ್ದರೆ ಐಸ್ ಇಡಿ ಅಂದಳು. ಟೇಪ್ ಅಂಟಿಸಿಯೂ ನೋಡಿದೆವು. ಏಪ್ರಿಲ್ ಬಿಸಿಲಿನ ಬೆವರಿಗೆ ಚರ್ಮ ಕೆರೆಯತೊಡಗಿತು, ಬಿಟ್ಟೆವು.

ನನಗೆ ಎಲ್ಲಕ್ಕಿಂತ ಉಪಯೋಗವಾಗಿದ್ದು ನೋವಿಗೆ ಅವಳು ಕೊಟ್ಟ ಅಳತೆ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದ ನೋವು ಹತ್ತು. ವ್ಯಾಯಾಮ ಮಾಡುವಾಗ ನಾಲ್ಕೈದರವರೆಗೆ ನೋವು ಬಂದರೆ ನಿಲ್ಲಿಸಬೇಕಿಲ್ಲ. ಆದರೆ ಮಾರನೇ ದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು ಅಂತ, ಸ್ವಲ್ಪ ಕಡಿಮೆ ಮಾಡಬೇಕು. ಇದು ಗೊತ್ತಾದ ಮೇಲೆ ಪ್ರತಿ ಚಳುಕಿಗೂ ಬೆಚ್ಚಿಬೀಳುವುದು ನಿಂತಿತು. ಮಂಡಿ ನೋವಿನವರಿಗೆ ಮಾತ್ರೆ ಬರೆದುಕೊಡುವಾಗಲೇ ಈ ಅಳತೆಯನ್ನೂ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇದು ಪರೀಕ್ಷೆಗೆ ಬಂದಿದ್ದು ದುಗ್ಗಮ್ಮನ ಜಾತ್ರೆಯಲ್ಲಿ. ದಾವಣಗೆರೆಯವರಿಗೆ ಗೊತ್ತು, ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಗೆ ಮನೆ ತುಂಬ ನೆಂಟರು. ದಿನವಿಡೀ ಒಲೆ ಮುಂದೆ ನಿಂತು, ನೆಲದ ಮೇಲೆ ಕೂತು ಬಡಿಸಿ, ರಾತ್ರಿ ಗುಡಿಯ ಸಾಲಿನಲ್ಲಿ ನಿಂತು, ಮಂಡಿ ಊದಿಕೊಂಡಿತು. ಎಲ್ಲ ಮೊದಲಿನ ಹಾಗೇ ಆಯಿತು ಅಂತ ಕಣ್ಣಲ್ಲಿ ನೀರು ಬಂತು. ಫೋನ್ ಮಾಡಿದಾಗ ಅವಳು ಹೇಳಿದ್ದು, "ನಿಲ್ಲಿಸಬ್ಯಾಡ್ರಿ, ಅರ್ಧ ಮಾಡ್ರಿ." ತೂಕ ಬಿಚ್ಚಿಟ್ಟು, ಟವೆಲ್ ಒತ್ತುವುದು ಮತ್ತು ಮಲಗಿ ಕಾಲೆತ್ತುವುದಷ್ಟನ್ನೇ ಮಾಡಿದೆ. ಐಸ್ ಇಟ್ಟೆ. ಒಂದು ವಾರ ಕಳೆಯುವಷ್ಟರಲ್ಲಿ ಊತ ಇಳಿಯಿತು, ಬಿಟ್ಟ ಜಾಗದಿಂದಲೇ ಮುಂದುವರಿಸಿದೆ. ಹೀಗೆ ನಡುನಡುವೆ ನೋವು ಏಳುವುದು ಈ ಕಾಯಿಲೆಯ ಸ್ವಭಾವ.

ಆ ಹೊತ್ತಿನಲ್ಲೇ ನಮ್ಮ ಮನೆಯವರ ತಮ್ಮ, "ಅತ್ತಿಗೆ, ಸುಮ್ನೆ ಒಂದು ಇಂಜೆಕ್ಷನ್ ಹಾಕಿಸ್ಕೊಂಡುಬಿಡ್ರಿ" ಅಂದ. ಅವನ ಸ್ನೇಹಿತನಿಗೆ ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ತಕ್ಷಣ ಆರಾಮವಾಗಿತ್ತು. ಮಗಳನ್ನು ಕೇಳಿದೆ. ಅಮೆರಿಕದ ಸೇನೆಯ ಆರೋಗ್ಯ ವ್ಯವಸ್ಥೆಯಲ್ಲಿ 156 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇದೆ ಅಂದಳು. ಅರ್ಧ ಜನಕ್ಕೆ ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್, ಅರ್ಧ ಜನಕ್ಕೆ ಫಿಸಿಯೋಥೆರಪಿ. ಒಂದು ವರ್ಷದ ನಂತರ ನೋವು, ಓಡಾಟ ಎರಡರಲ್ಲೂ ಫಿಸಿಯೋಥೆರಪಿಯವರೇ ಚೆನ್ನಾಗಿದ್ದರು. ತಡೆಯಲಾರದ ನೋವಿದ್ದವರಿಗೆ ಇಂಜೆಕ್ಷನ್ ಕೆಲವು ವಾರದ ಉಸಿರು ಕೊಡಬಹುದು, ಅದನ್ನು ಡಾಕ್ಟರು ನಿರ್ಧರಿಸಲಿ. ನನಗೆ ಬೇಕಾಗಲಿಲ್ಲ.

ತೂಕದ ಮಾತು ಎತ್ತುವಾಗ ಫಿಸಿಯೋ ಹುಡುಗಿ ಸ್ವಲ್ಪ ಹಿಂಜರಿದಳು. ನಾನೇ ಕೇಳಿದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ ಮೈತೂಕ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು 4 ಕೆಜಿ ಇಳಿಯುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ ಹಾಕುವ ಟೀಚರಿಗೆ ಇದಕ್ಕಿಂತ ದೊಡ್ಡ ಲೆಕ್ಕ ಬೇಕೇ? ಸಂಜೆಯ ಮಿರ್ಚಿ ಮಂಡಕ್ಕಿ ಬಿಟ್ಟೆ. ಬೆಣ್ಣೆ ದೋಸೆ ತಿಂಗಳಿಗೊಮ್ಮೆ ಅಂತ ಮಾಡಿಕೊಂಡೆ, ಅದನ್ನು ಪೂರ್ತಿ ಬಿಡು ಅಂತ ದಾವಣಗೆರೆಯಲ್ಲಿ ಯಾರೂ ಯಾರಿಗೂ ಹೇಳಬಾರದು. ರಾತ್ರಿ ಅನ್ನ ಕಡಿಮೆ, ರೊಟ್ಟಿ ಪಲ್ಯ. ಬೆಳಗ್ಗೆ ಬಿಸಿಲೇರುವ ಮುಂಚೆ ಕುಂದವಾಡ ಕೆರೆಯ ಏರಿಯ ಮೇಲೆ ನಡಿಗೆ. ಮಟ್ಟಸವಾದ ದಾರಿ, ಸುಸ್ತಾದರೆ ಕೂರಲು ಜಾಗ. ಶುರುವಿನಲ್ಲಿ ಸ್ವಲ್ಪ ದೂರ, ಆಮೇಲೆ ಜಾಸ್ತಿ. ಐದಾರು ಕೆಜಿ ಇಳಿದಿದೆ.

ನಮ್ಮತ್ತೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಅವರಿಗೆ ಎಂಬತ್ತರ ಹತ್ತಿರ, ಎಡ ಮಂಡಿ ನೋವು, ಕೋಲು ಹಿಡಿಯುತ್ತಾರೆ. ಒಮ್ಮೆ ನನ್ನ ಜೊತೆ ಬಂದಾಗ ಅವರು ಕೋಲನ್ನು ಎಡಗೈಯಲ್ಲೇ ಹಿಡಿದಿದ್ದನ್ನು ಫಿಸಿಯೋ ನೋಡಿದಳು. "ಅಜ್ಜಿ, ಬಲಗೈಗೆ ತಗೊಳ್ರಿ" ಅಂದಳು. "ನೋವಿರೋ ಕಾಲಿಗೆ ಆಸರೆ ಬ್ಯಾಡೇನವ್ವಾ?" ಅಂತ ಅತ್ತೆ ಕೇಳಿದರು. ಎಡಗಾಲು ಊರಿ ನಿಂತಾಗ ಮೈಭಾರವೆಲ್ಲ ಎಡಕ್ಕೆ. ಆಗ ಬಲಗೈಯ ಕೋಲು ನೆಲಕ್ಕೆ ಒತ್ತಿದರೆ ಭಾರ ಹಂಚಿಹೋಗುತ್ತದೆ. ಅದೇ ಪಕ್ಕದಲ್ಲಿ ಹಿಡಿದರೆ ಮೈ ಇನ್ನೂ ನೋವಿನ ಕಾಲಿನ ಕಡೆಗೇ ವಾಲುತ್ತದೆ. ಎರಡು ದಿನ ಗೊಣಗಿದರು. ಮೂರನೇ ದಿನ ಮಠದವರೆಗೆ ಹೋಗಿ ಬಂದು, "ಹಗುರ ಐತೆ" ಅಂದರು. ಕೋಲಿನ ಎತ್ತರವನ್ನೂ ಮಣಿಕಟ್ಟಿನ ಮಟ್ಟಕ್ಕೆ ಕತ್ತರಿಸಿ ಕೊಟ್ಟೆವು. ಮೆಟ್ಟಿಲಿಗೂ ಒಂದು ಪಾಠ ಇದೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನೋವು ಜೋರಿದ್ದ ದಿನಗಳಲ್ಲಿ ನಾನೂ ಹಾಗೇ ಮಾಡಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನಕ್ಕೆ ಆಸ್ಟಿಯೋಆರ್ಥ್ರೈಟಿಸ್ ಇತ್ತು. ಅವರಲ್ಲಿ 100ಕ್ಕೆ 60 ಜನ ಹೆಂಗಸರು. ಕುಂದವಾಡ ಕೆರೆಯ ಏರಿಯ ಮೇಲೆ ನನ್ನ ಜೊತೆ ನಡೆಯುವ ಗುಂಪು ನೋಡಿದರೆ ಆ ಲೆಕ್ಕ ನಂಬಲು ಕಷ್ಟವಿಲ್ಲ. ಅವರಿಗೆಲ್ಲ ನಾನು ಟವೆಲ್ ಒತ್ತುವುದನ್ನು ಹೇಳಿಕೊಟ್ಟಿದ್ದೇನೆ. ಆದರೆ ಮಂಡಿ ಕೆಂಪಗೆ ಬಿಸಿಯಾಗಿ ಜ್ವರ ಬಂದರೆ, ಮಂಡಿ ಸಿಕ್ಕಿಹಾಕಿಕೊಂಡು ಬಿಚ್ಚಲು ಆಗದಿದ್ದರೆ, ಒಂದೇ ಮೀನಖಂಡ ದಿಢೀರ್ ಊದಿ ನೋಯುತ್ತಿದ್ದರೆ ವ್ಯಾಯಾಮ ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ ಅಂತಲೂ ಹೇಳುತ್ತೇನೆ.

ಬಸ್ಸಿನ ಮೆಟ್ಟಿಲಿಗೆ ತಯಾರಿ ಮನೆ ಮುಂದಿನ ಕಟ್ಟೆಯಲ್ಲಿ ನಡೆಯಿತು. ಮೊದಲು ತೆಳ್ಳನೆಯ ಹಲಗೆ, ಆಮೇಲೆ ಇಟ್ಟಿಗೆಯ ಎತ್ತರ, ಆಮೇಲೆ ಪೂರ್ತಿ ಮೆಟ್ಟಿಲು. ಬಲಗಾಲು ಮೇಲಿಟ್ಟು ಎದ್ದು ನಿಂತು, ಎಡಗಾಲನ್ನು ನಿಧಾನವಾಗಿ ಕೆಳಗಿಳಿಸಬೇಕು. ಮಂಡಿ ಒಳಕ್ಕೆ ಬಾಗದೆ ಪಾದದ ನೇರಕ್ಕೇ ಇರಬೇಕು. ಈಗ ಬಸ್ಸಿಗೆ ಬಲಗಾಲು ಮೊದಲಿಟ್ಟೇ ಹತ್ತುತ್ತೇನೆ. ದಸರಾ ರಜೆಯಲ್ಲಿ ಅಕ್ಕನ ಊರು ಚಿತ್ರದುರ್ಗಕ್ಕೆ ಹೋದಾಗ ಕಲ್ಲಿನ ಕೋಟೆಯಲ್ಲಿ ಏಕನಾಥೇಶ್ವರಿ ಗುಡಿಯವರೆಗೆ ಹತ್ತಿ ಇಳಿದೆ. ಇಳಿಯುವಾಗ ಅಕ್ಕನ ಭುಜ ಹಿಡಿದಿದ್ದೆ. ಮಾರನೇ ದಿನ ನೋವು ಮೂರಕ್ಕಿಂತ ಮೇಲೆ ಹೋಗಲಿಲ್ಲ.

ಇನ್ನೂ ಆಗದೇ ಇರುವುದು ಒಂದಿದೆ. ನೆಲದ ಮೇಲೆ ಕೂತು ಪೂಜೆ ಮಾಡಿ, ಯಾರ ಕೈಯನ್ನೂ ಹಿಡಿಯದೆ ಏಳುವುದು. ಸದ್ಯ ಮಣೆಯ ಮೇಲೆ ದಪ್ಪ ದಿಂಬು ಹಾಕಿಕೊಂಡು ಕೂರುತ್ತೇನೆ. ಏಳುವುದನ್ನು ಫಿಸಿಯೋ ಹಂತ ಹಂತವಾಗಿ ಕಲಿಸುತ್ತಿದ್ದಾಳೆ. ಮೊದಲು ಪಕ್ಕಕ್ಕೆ ಹೊರಳಬೇಕು, ಎರಡೂ ಕೈ ಊರಿ ಅಂಬೆಗಾಲಿಗೆ ಬರಬೇಕು, ಒಂದು ಪಾದ ಮುಂದಿಟ್ಟು ಕುರ್ಚಿ ಒತ್ತಿ ಮೇಲೇಳಬೇಕು. ಎರಡು ಕೈ ಒತ್ತುವುದರಿಂದ ಒಂದು ಕೈಗೆ ಬಂದಿದ್ದೇನೆ. ಮುಂದಿನ ಸಲ ಬರುವಾಗ ಕುರ್ಚಿಯ ಬದಲು ಗಿಡ್ಡ ಸ್ಟೂಲಿನಲ್ಲಿ ಅಭ್ಯಾಸ ಮಾಡಿಕೊಂಡು ಬನ್ನಿ ಅಂದಿದ್ದಾಳೆ.